ನಾವು ತಿನ್ನೂದಿಲ್ಲ, ನಾಯಿ ತಿಂತೈತಿ: ಯಕೃತ್ತಿನ ಹೈಡಾಟಿಡ್ ಗಂಟಿನ ಒಂದು ಪ್ರಕರಣ

ವಿಜಯಪುರ ಜಿಲ್ಲೆ ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ 38 ವರ್ಷದ ಹೆಣ್ಣುಮಗಳು. ಕೇಸ್ ಪೇಪರಿನಲ್ಲಿ ಉದ್ಯೋಗದ ಎದುರು ‘ಮನೆಗೆಲಸ’, ಆಹಾರದ ಎದುರು ‘ಸಸ್ಯಾಹಾರ’, ಸಾಕುಪ್ರಾಣಿಯ ಎದುರು ‘ಎರಡು ಎಮ್ಮೆ, ನಾಯಿ ಇಲ್ಲ’ ಎಂದು ಬರೆದಿತ್ತು. ಮೂರೂ ಸುಳ್ಳಲ್ಲ. ಆದರೆ ಈ ಮೂರನ್ನೇ ನೆಚ್ಚಿಕೊಂಡು ಕೂತಿದ್ದರೆ ಆಕೆಯ ಯಕೃತ್ತಿನಲ್ಲಿ ಬೆಳೆದಿದ್ದ ಗಂಟು ಎಲ್ಲಿಂದ ಬಂತು ಎನ್ನುವುದರ ಸುಳಿವೂ ಸಿಗುತ್ತಿರಲಿಲ್ಲ.

ಒಂದು ಬಗೆಯ ಲಾಡಿಹುಳುವಿನಿಂದ ಮೈಯೊಳಗೆ ನೀರು ತುಂಬಿದ ಗಂಟು ಬೆಳೆಯುವ ಹೈಡಾಟಿಡ್ ರೋಗದ ಬಗ್ಗೆ ನಮ್ಮ ಭಾಗದಲ್ಲಿ ಗೊತ್ತಿರುವುದೆಲ್ಲ ಬಹುಪಾಲು ಆಪರೇಷನ್ ಆದವರ ಕಡತಗಳಿಂದ ಬಂದದ್ದು. ವಯಸ್ಸೆಷ್ಟು, ಹೆಣ್ಣೋ ಗಂಡೋ, ಯಾವ ಊರು, ಗಂಟು ಎಲ್ಲಿತ್ತು ಎಂದು ಎಣಿಸಿ ಕೋಷ್ಟಕ ಮಾಡುತ್ತೇವೆ. ಅದನ್ನೇ ರೋಗದ ಹರಡುವಿಕೆ ಎನ್ನುತ್ತೇವೆ. ಆ ಕೋಷ್ಟಕದ ಒಂದು ಸಾಲು ಹೇಗೆ ಹುಟ್ಟುತ್ತದೆ ಎಂದು ತೋರಿಸಲು ಈ ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ. ಊರು, ಮನೆತನ, ತಾರೀಖುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ದೂರು, ಸ್ಕ್ಯಾನ್, ಸೂಜಿ

ಬಲಗಡೆ ಪಕ್ಕೆಲುಬಿನ ಕೆಳಗೆ ಸುಮಾರು ಎಂಟು ತಿಂಗಳಿಂದ ಭಾರ. “ಉಂಡ ಮ್ಯಾಲ ಜಾಸ್ತಿ ಆಗತೈತ್ರಿ, ಕಸಾ ತೆಗಿಯಾಕ ಬಗ್ಗಿದ್ರ ಒತ್ತತೈತ್ರಿ” ಎಂದರು. ಊರಲ್ಲಿ ಅದನ್ನು ಗ್ಯಾಸ್ ಎಂದುಕೊಂಡು ಗುಳಿಗೆ ನುಂಗಿದ್ದಾಯಿತು, ಜೀರಿಗೆ ನೀರು ಕುಡಿದದ್ದಾಯಿತು. ಕಾಮಾಲೆ ಇಲ್ಲ, ತೂಕ ಇಳಿದಿಲ್ಲ. ನಡುವೆ ಒಂದೆರಡು ಸಲ ಸಣ್ಣ ಜ್ವರ ಬಂದು ಹೋಗಿತ್ತು.

ಆ ಜ್ವರವೇ ದಾರಿ ತಪ್ಪಿಸುವುದರಲ್ಲಿತ್ತು. ಪಟ್ಟಣದಲ್ಲಿ ಮೊದಲು ಮಾಡಿಸಿದ ಸ್ಕ್ಯಾನಿನಲ್ಲಿ ‘ಲಿವರ್ ಬಾವು ಇರಬಹುದು’ ಎಂದು ಬಂದಿತ್ತು. ಸೂಜಿ ಹಾಕಿ ಕೀವು ತೆಗೆಸಿರಿ ಎಂಬ ಸಲಹೆಯೂ ಸಿಕ್ಕಿತ್ತು. ನಮ್ಮ ಕಡೆ ಅಮೀಬಾದಿಂದ ಆಗುವ ಲಿವರ್ ಬಾವು ಅಪರೂಪವಲ್ಲ, ಕುಡಿಯುವ ಗಂಡಸರಲ್ಲಂತೂ ಪದೇ ಪದೇ ಕಾಣುತ್ತದೆ. ಜ್ವರ, ಬಲಪಕ್ಕೆ ನೋವು, ಲಿವರಿನಲ್ಲಿ ನೀರು ತುಂಬಿದ ಜಾಗ ಎಂದರೆ ಕೈ ತಾನಾಗಿ ಸೂಜಿಯ ಕಡೆ ಹೋಗುತ್ತದೆ. ಹೈಡಾಟಿಡ್ ಗಂಟಿಗೆ ಹಾಗೆ ಸಿದ್ಧತೆಯಿಲ್ಲದೆ ಸೂಜಿ ಚುಚ್ಚಿದರೆ ಒಳಗಿನ ನೀರು ಹೊಟ್ಟೆಯೊಳಗೆ ಸೋರಬಹುದು. ಆಗ ರೋಗಿ ಅಲ್ಲೇ ಅಲರ್ಜಿ ಆಘಾತಕ್ಕೆ ಹೋಗಬಹುದು. ಅದನ್ನು ದಾಟಿದರೂ ಸೋರಿದ ನೀರಿನಲ್ಲಿದ್ದ ಹುಳುವಿನ ತಲೆಗಳು ಹೊಟ್ಟೆಯ ಒಳಪೊರೆಯ ಮೇಲೆ ಕೂತು, ಕೆಲವು ವರ್ಷಗಳಲ್ಲಿ ಒಂದಿದ್ದ ಗಂಟು ಹತ್ತಾರಾಗುತ್ತದೆ. ಆಕೆಯ ಅದೃಷ್ಟಕ್ಕೆ ಮನೆಯವರು ಸೂಜಿಗೆ ಹೆದರಿ ವಿಜಯಪುರಕ್ಕೆ ಬಂದರು.

ಎರಡನೆಯ ಸ್ಕ್ಯಾನಿನಲ್ಲಿ ಅನುಮಾನ ಉಳಿಯಲಿಲ್ಲ. ಯಕೃತ್ತಿನ ಬಲಹಾಳೆಯಲ್ಲಿ 9 × 8 ಸೆಂ.ಮೀ. ಗಂಟು, ಅದರೊಳಗೆ ಒತ್ತೊತ್ತಾಗಿ ಚಿಕ್ಕ ಚಿಕ್ಕ ಮರಿಗಂಟುಗಳು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ 2003ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಇದು ಸಿಇ2. ಸಿಇ1ರಿಂದ ಸಿಇ5ರ ವರೆಗಿನ ಈ ಹೆಸರುಗಳು ಬರೀ ಹಣೆಪಟ್ಟಿಯಲ್ಲ, ಚಿಕಿತ್ಸೆ ನಿಲ್ಲುವುದೇ ಇವುಗಳ ಮೇಲೆ. ಒಂದೇ ಕೋಣೆಯ ಚಿಕ್ಕ ಗಂಟಿಗೆ ಗುಳಿಗೆಯೇ ಸಾಕಾಗಬಹುದು. ಅದೇ ಬಗೆಯ ದೊಡ್ಡದಕ್ಕೆ ಹುಳುವಿನ ಔಷಧ ಆಲ್ಬೆಂಡಜೋಲ್ ಕೊಟ್ಟು, ಅಲರ್ಜಿ ಆಘಾತವಾದರೆ ಕೊಡಲು ಅಡ್ರಿನಲಿನ್ ಕೈಯಲ್ಲಿಟ್ಟುಕೊಂಡು, ಸ್ಕ್ಯಾನ್ ನೋಡುತ್ತ ಸೂಜಿಯಿಂದ ನೀರು ತೆಗೆದು, ಹುಳು ಕೊಲ್ಲುವ ದ್ರಾವಣ ಬಿಟ್ಟು, ಮತ್ತೆ ಹೀರುವ ‘ಪೇರ್’ ವಿಧಾನವಿದೆ. ಮರಿಗಂಟು ತುಂಬಿದ ಸಿಇ2ಕ್ಕೆ ಅದು ಒಗ್ಗುವುದಿಲ್ಲ; ಒಂದೊಂದು ಮರಿಯನ್ನೂ ಸೂಜಿಯಿಂದ ಮುಟ್ಟಲಾಗದು. ಒಳಗೆಲ್ಲ ಗಟ್ಟಿಯಾದ ಸಿಇ4, ಸುಣ್ಣ ಕಟ್ಟಿದ ಸಿಇ5ನ್ನು ತೊಂದರೆ ಇಲ್ಲದಿದ್ದರೆ ಮುಟ್ಟದೆ ನೋಡುತ್ತಿರುವುದೇ ಸರಿ.

ಎದೆಯ ಎಕ್ಸ್‌ರೇ ಸ್ವಚ್ಛವಿತ್ತು. ಇದನ್ನು ಯಾರೂ ಬಿಡಬಾರದು. ಈ ಗಂಟು ಸುಮಾರು ನೂರಕ್ಕೆ 70ರಷ್ಟು ಯಕೃತ್ತಿನಲ್ಲಿ, 20ರಷ್ಟು ಪುಪ್ಪುಸದಲ್ಲಿ (ಶ್ವಾಸಕೋಶದಲ್ಲಿ) ಕೂರುತ್ತದೆ, ಕೆಲವರಲ್ಲಿ ಎರಡೂ ಕಡೆ ಇರುತ್ತದೆ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಕಣ ತುಸು ಏರಿತ್ತು, ಈ ಹುಳುವಿನ ಸುಳಿವು ಹುಡುಕುವ ರಕ್ತ ಪರೀಕ್ಷೆ ಎಲೈಸಾ ಪಾಸಿಟಿವ್ ಬಂತು. ಎಲೈಸಾ ನೆಗೆಟಿವ್ ಬಂದಿದ್ದರೂ ಸ್ಕ್ಯಾನಿನ ಮಾತೇ ನಡೆಯುತ್ತಿತ್ತು, ಏಕೆಂದರೆ ಗೋಡೆ ಒಡೆಯದ ಗಂಟು ಎಷ್ಟೋ ಸಲ ರಕ್ತಕ್ಕೆ ತನ್ನ ಸುಳಿವನ್ನೇ ಕೊಡುವುದಿಲ್ಲ. ಹಳಬ ಡಾಕ್ಟರರೊಬ್ಬರು ಕ್ಯಾಸೋನಿ ಮಾಡಿಸಿದಿರಾ ಎಂದು ಕೇಳಿದರು. 1911ರಷ್ಟು ಹಿಂದಿನ ಆ ಚರ್ಮ ಪರೀಕ್ಷೆಯನ್ನು ಈಗ ಕೈಬಿಡಲಾಗಿದೆ.

ಗಂಡನ ಪ್ರಶ್ನೆ

ರೋಗದ ಹೆಸರು ಹೇಳಿ, ಇದು ಕುರಿ ಮತ್ತು ನಾಯಿಯ ನಡುವೆ ಓಡಾಡುವ ಹುಳು ಎಂದು ವಿವರಿಸಿದಾಗ ಗಂಡ ತಡೆದರು. “ಸಾಹೇಬ್ರ, ನಮ್ಮನ್ಯಾಗ ತತ್ತಿ ಸೈತ ಮುಟ್ಟೂದಿಲ್ಲ. ಕುರಿ ಜಡ್ಡು ನಮಗ ಹ್ಯಾಂಗ ಬರತೈತ್ರಿ?” ಸಂಶಯ ನನ್ನ ಮೇಲಲ್ಲ, ಎಲ್ಲೋ ಯಾರದೋ ರಿಪೋರ್ಟು ಅದಲುಬದಲಾಗಿದೆ ಎಂಬಂತಿತ್ತು ಅವರ ಮುಖ.

ಕುರಿಮಾಂಸ ತಿಂದರೆ ಈ ರೋಗ ಬರುತ್ತದೆ ಎನ್ನುವುದು ಓದಿದವರಲ್ಲೂ ಇರುವ ತಪ್ಪು ತಿಳಿವಳಿಕೆ. ಬರುವುದಿಲ್ಲ. ಗಂಟಿರುವ ಕಲೀಜ ತಿಂದರೂ ಮನುಷ್ಯನಿಗೆ ಅದರಿಂದ ಗಂಟು ಹುಟ್ಟುವುದಿಲ್ಲ. ಆ ಕಲೀಜವನ್ನು ತಿನ್ನಬೇಕಾದದ್ದು ನಾಯಿ. ಗಂಟಿನ ನೀರಿನಲ್ಲಿರುವ ಸೂಕ್ಷ್ಮ ತಲೆಗಳು ನಾಯಿಯ ಕರುಳಿಗಂಟಿ ಐದಾರು ವಾರಗಳಲ್ಲಿ ಎಕಿನೊಕಾಕಸ್ ಗ್ರಾನ್ಯುಲೋಸಸ್ ಎಂಬ ಲಾಡಿಹುಳುಗಳಾಗುತ್ತವೆ. ಲಾಡಿಹುಳು ಎಂದಾಗ ಮೊಳದುದ್ದದ್ದು ಕಣ್ಣ ಮುಂದೆ ಬರುತ್ತದೆ. ಇದು ಹೆಚ್ಚೆಂದರೆ ಆರೇಳು ಮಿಲಿಮೀಟರ್. ಒಂದು ನಾಯಿಯಲ್ಲಿ ಸಾವಿರಗಟ್ಟಲೆ ಇರಬಹುದು, ನಾಯಿಗೆ ಏನೂ ಆಗುವುದಿಲ್ಲ, ಗುಂಡಗೆ ಓಡಾಡಿಕೊಂಡಿರುತ್ತದೆ. ಹುಳುವಿನ ಮೊಟ್ಟೆಗಳು ಅದರ ಹೇಲಿನಲ್ಲಿ ಹೊರಬಂದು ಹುಲ್ಲಿಗೆ, ನೀರಿಗೆ, ಮಣ್ಣಿಗೆ, ಅದರದೇ ಕೂದಲಿಗೆ ಅಂಟುತ್ತವೆ. ತಂಪು, ತೇವ ಇದ್ದಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ, ಒಣ ಬಿಸಿಲಿಗೆ ಬೇಗ ಸಾಯುತ್ತವೆ. ಮೇಯುವ ಕುರಿ ಆ ಮೊಟ್ಟೆ ನುಂಗಿದರೆ ಕುರಿಯ ಯಕೃತ್ತಿನಲ್ಲಿ ಗಂಟು. ಮನುಷ್ಯ ನುಂಗಿದರೆ ಮನುಷ್ಯನ ಯಕೃತ್ತಿನಲ್ಲಿ. ನಮ್ಮಲ್ಲಿಗೆ ಬಂದ ಹುಳುವಿಗೆ ಮುಂದೆ ದಾರಿಯಿಲ್ಲ, ನಮ್ಮ ಕಲೀಜವನ್ನು ಯಾವ ನಾಯಿಯೂ ತಿನ್ನುವುದಿಲ್ಲವಲ್ಲ. ಹಾಗಾಗಿ ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಈ ಮಾತನ್ನು ಮನೆಯವರಿಗೆ ಎರಡೆರಡು ಸಲ ಹೇಳಬೇಕಾಯಿತು, ಏಕೆಂದರೆ ಅಷ್ಟರಲ್ಲಿ ಅತ್ತೆ ಸೊಸೆಯ ಗಂಗಾಳವನ್ನು ಬೇರೆ ಇಟ್ಟಾಗಿತ್ತು.

ಕೇಳಿಸಿಕೊಂಡ ಗಂಡ ತಾವೇ ಒಂದು ಊಹೆ ಮುಂದಿಟ್ಟರು. ಪ್ರತಿ ವರ್ಷ ಅವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಕುರಿಗಾರರ ಹಿಂದೆ ನಾಲ್ಕಾರು ನಾಯಿ ಬರುತ್ತವೆ, ಹೊಲದಲ್ಲೇ ಮಲಗುತ್ತವೆ. ಅದೇ ಹೊಲದ ಒಂದು ಮಡಿಯಲ್ಲಿ ಮನೆಗೆ ಬೇಕಾದ ಮೆಂತ್ಯ, ಉಳ್ಳಾಗಡ್ಡಿ, ಗಜ್ಜರಿ. ಈ ಸೀಮೆಯಲ್ಲಿ ರೊಟ್ಟಿಯ ಪಕ್ಕಕ್ಕೆ ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ ತಪ್ಪಲು ಇಲ್ಲದಿದ್ದರೆ ಊಟವೇ ಅಲ್ಲ. ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಕಿತ್ತು, ಮಣ್ಣು ಕೊಡವಿ, ಹಾಗೇ ಕಡಿಯುವುದೂ ಉಂಟು. ಒಪ್ಪುವಂಥ ಕಥೆ. ವಾರ್ಡಿನಲ್ಲಿದ್ದ ಪಿಜಿ ಹುಡುಗರು ಅದನ್ನೇ ಕೇಸ್ ಪೇಪರಿಗೆ ಏರಿಸಲು ಸಿದ್ಧರಾಗಿದ್ದರು.

ನನಗೆ ಅದು ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಗಟ್ಟಿಯಾಗಿ ನಿಂತ ಕಾರಣಗಳು ನಾಯಿ ಸಾಕುವುದು, ಆ ನಾಯಿಗೆ ಹಸಿ ಕಲೀಜ-ಪುಪ್ಪುಸ ಸಿಗುವುದು, ಮನೆ ಹತ್ತಿರವೇ ಪ್ರಾಣಿ ಕಡಿಯುವುದು, ರೋಗವಿರುವ ಹಳ್ಳಿಯಲ್ಲಿ ಬಾಳುವುದು. ತೊಳೆಯದ ತರಕಾರಿ ಮತ್ತು ನೀರಿನ ಪಾಲು ಅಷ್ಟು ಸ್ಪಷ್ಟವಾಗಿ ತೋರಿಲ್ಲ. ಇಲ್ಲವೆಂದಲ್ಲ, ತೂಕ ಕಡಿಮೆ. ಅಲ್ಲದೆ ಮೆಂತ್ಯವನ್ನು ಮನೆಯವರೆಲ್ಲ ತಿಂದಿದ್ದರು. ಗಂಡ, ಅತ್ತೆ, ಇಬ್ಬರು ಮಕ್ಕಳಿಗೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು. ನಾಲ್ವರಲ್ಲೂ ಏನೂ ಇಲ್ಲ.

ರಕ್ತ ಕೊಡಲು ಬಂದ ತಮ್ಮ

ಆಪರೇಷನ್ನಿಗೆ ರಕ್ತ ಬೇಕಾಗಬಹುದು ಎಂದಾಗ ತವರಿನಿಂದ ತಮ್ಮ ಬಂದರು, 34 ವರ್ಷದ ಗಟ್ಟಿಮುಟ್ಟಾದ ಆಳು. ಬಂದದ್ದೇ ಬಂದಿರಿ, ನಿಮಗೂ ಒಂದು ಸ್ಕ್ಯಾನ್ ಮಾಡೋಣ ಎಂದು ಮಲಗಿಸಿದರೆ ಯಕೃತ್ತಿನಲ್ಲಿ 4 ಸೆಂ.ಮೀ. ಗಂಟು, ಸುತ್ತ ದಪ್ಪ ಸುಣ್ಣದ ಗೋಡೆ: ಸಿಇ5. ಅವರಿಗೆ ಒಂದು ದಿನವೂ ಹೊಟ್ಟೆ ನೋವು ಬಂದಿರಲಿಲ್ಲ. ಎಂದೋ ಸೇರಿ, ಬೆಳೆದು, ತಾನಾಗಿಯೇ ಸತ್ತು ಸುಣ್ಣ ಕಟ್ಟಿದ ಗಂಟು. ಅಕ್ಕನಿಗೆ ರೋಗ ಬರದಿದ್ದರೆ ತಮ್ಮನದು ಯಾವ ಕಡತಕ್ಕೂ ಸೇರದೆ ಅವರೊಂದಿಗೇ ಹೋಗುತ್ತಿತ್ತು.

ತವರು ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆ, ಕುರಿ ಸಂತೆಗೆ ಹೆಸರಾದ ಅಮೀನಗಡದ ಆಚೀಚೆ. ಆ ಮನೆಯಲ್ಲೂ ಮಾಂಸ ಮುಟ್ಟುವುದಿಲ್ಲ. ನಾಯಿ ಇತ್ತಾ ಎಂದು ಕೇಳಿದ್ದೇ ತಡ, ಅಕ್ಕ-ತಮ್ಮ ಇಬ್ಬರ ಮುಖವೂ ಅರಳಿತು. ಕೆಂಚ ಎಂಬ ನಾಯಿ. ಪಡಸಾಲೆಯಲ್ಲಿ ಮಲಗುತ್ತಿತ್ತು. ಇವರು ರೊಟ್ಟಿ ಚೂರನ್ನು ಕೈಯಲ್ಲೇ ತಿನ್ನಿಸುತ್ತಿದ್ದರು, ಕೊರಳು ಹಿಡಿದು ಆಡುತ್ತಿದ್ದರು, ಬೆಳಗ್ಗೆ ಅಂಗಳ ಗುಡಿಸಿ ಅದರ ಹೊಲಸನ್ನು ತಿಪ್ಪೆಗೆ ಹಾಕುವುದು ಹುಡುಗಿಯಾಗಿದ್ದ ಈಕೆಯ ಪಾಲಿನ ಕೆಲಸ. ಕೆಂಚ ಸತ್ತ ಮೇಲೆ ಮತ್ತೊಂದು ಬಂತು, ಅದರ ನಂತರ ಇನ್ನೊಂದು. ಇವತ್ತಿಗೂ ಆ ಮನೆಯಲ್ಲಿ ನಾಯಿ ಇದೆ.

“ಅದು ಏನ ತಿಂತಿತ್ತು?” ಎಂದೆ.

“ರೊಟ್ಟಿರಿ, ಮಜ್ಜಿಗಿರಿ” ಎಂದರು ಅಕ್ಕ.

ತಮ್ಮ ನಕ್ಕರು. “ಮನ್ಯಾಗ ರೊಟ್ಟಿ, ಯಕ್ಕಾ. ಸಂತಿ ದಿನಾ ಎಲ್ಲಿ ಇರತಿತ್ತು ಹೇಳು? ಖಟಗರ ಅಂಗಡಿ ಮುಂದ. ಜಾತ್ರ್ಯಾಗ ಕುರಿ ಬಿದ್ದವಂದ್ರ ಎರಡ ದಿನಾ ಮನಿಗೇ ಬರತಿದ್ದಿಲ್ಲ. ಸಾಹೇಬ್ರ, ನಾವು ತಿನ್ನೂದಿಲ್ಲ ಖರೆ. ನಾಯಿ ತಿಂತೈತ್ರಿ.”

ಇಡೀ ಪ್ರಕರಣದಲ್ಲಿ ಇದಕ್ಕಿಂತ ಉಪಯೋಗದ ಮಾತು ಯಾವ ಪರೀಕ್ಷೆಯಿಂದಲೂ ಬರಲಿಲ್ಲ. ಮನೆಯ ಆಹಾರ ಪದ್ಧತಿ ಮನೆಯ ನಾಯಿಗೆ ಅನ್ವಯಿಸುವುದಿಲ್ಲ. ಕೇಸ್ ಪೇಪರಿನಲ್ಲಿ ರೋಗಿ ಏನು ತಿನ್ನುತ್ತಾರೆ ಎಂದು ಕೇಳುತ್ತೇವೆ, ನಾಯಿ ಏನು ತಿನ್ನುತ್ತದೆ ಎಂದು ಕೇಳುವುದಿಲ್ಲ.

ಸೋಂಕು ಯಾವ ವರ್ಷದ್ದು ಎಂದು ಹೇಳಲು ದಾರಿಯಿಲ್ಲ. ಗಂಟು ವರ್ಷಕ್ಕೆ 1ರಿಂದ 5 ಸೆಂ.ಮೀ. ಬೆಳೆಯಬಹುದು ಎನ್ನುತ್ತಾರೆ, ಆದರೆ ವರ್ಷಗಟ್ಟಲೆ ಬೆಳೆಯದೆ ಕೂರುವ ಗಂಟುಗಳೂ ಇವೆ. ಕೆಂಚನ ಕಾಲದ್ದಿರಬಹುದು. ಇಲ್ಲವೇ ಮದುವೆಯಾದ ಮೇಲೆ ಮೊದಲ ಬಾಣಂತನಕ್ಕೆಂದು ತವರಿನಲ್ಲಿದ್ದ ತಿಂಗಳುಗಳದ್ದೋ, ಪ್ರತಿ ಪಂಚಮಿಗೆ ಹೋಗಿ ಬಂದ ದಿನಗಳದ್ದೋ ಆಗಿರಬಹುದು. ತಮ್ಮನ ಗಂಟು ಬೊಟ್ಟು ಮಾಡುವುದು ತವರಿನ ಕಡೆಗೆ, ಅಷ್ಟೇ. ಗಂಡನ ಮನೆಯ ಹೊಲವನ್ನು ಅದು ಪೂರ್ತಿ ಬಿಡುಗಡೆ ಮಾಡುವುದಿಲ್ಲ.

ಗುಳಿಗೆ ಮತ್ತು ಶೇಂಗಾ ಹಿಂಡಿ

ಆಪರೇಷನ್ನಿಗೆ ಮುಂಚೆ ಆಲ್ಬೆಂಡಜೋಲ್ 400 ಮಿ.ಗ್ರಾಂ. ದಿನಕ್ಕೆ ಎರಡು ಸಲ ಶುರು ಮಾಡಿದೆವು. ಬಸಿರಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ, ಲಿವರ್ ಪರೀಕ್ಷೆ ಮತ್ತು ರಕ್ತಕಣಗಳ ಎಣಿಕೆ ನೋಡಿಕೊಂಡು. ಆಕಸ್ಮಾತ್ ನೀರು ಸೋರಿದರೂ ಒಳಗಿನ ತಲೆಗಳು ಬೇರು ಬಿಡದಿರಲಿ ಎಂಬ ಮುಂಜಾಗ್ರತೆ ಅದು.

ಇಲ್ಲೊಂದು ತೊಡಕು ಬಂತು. ಲಿವರ್ ಜಡ್ಡು ಎಂದೊಡನೆ ನೆರೆಹೊರೆಯವರು ಕಾಮಾಲೆಯ ಪಥ್ಯ ಹಾಕಿಬಿಟ್ಟಿದ್ದರು. ಎಣ್ಣೆ ಬಂದ್, ತುಪ್ಪ ಬಂದ್, ಶೇಂಗಾ ಬಂದ್, ಬರೀ ಗಂಜಿ. ಆಲ್ಬೆಂಡಜೋಲ್ ಖಾಲಿ ಹೊಟ್ಟೆಯಲ್ಲಿ ರಕ್ತಕ್ಕೆ ಸೇರುವುದೇ ಕಡಿಮೆ. ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೆ ಸುಮಾರು ಐದು ಪಟ್ಟು ಹೆಚ್ಚು ಸೇರುತ್ತದೆ. ಹೊಟ್ಟೆಹುಳಕ್ಕೆ ಒಂದು ಗುಳಿಗೆ ಕೊಡುವಾಗ ಇದು ಲೆಕ್ಕಕ್ಕಿಲ್ಲ, ಹುಳು ಕರುಳಿನಲ್ಲೇ ಇರುತ್ತದೆ. ಇಲ್ಲಿ ಔಷಧ ಯಕೃತ್ತಿನ ಗಂಟಿನ ಒಳಗೆ ಹೋಗಬೇಕು. “ಅಕ್ಕಾರ, ಎರಡೂ ಹೊತ್ತು ರೊಟ್ಟಿ ಮ್ಯಾಲ ಶೇಂಗಾ ಹಿಂಡಿ, ಮ್ಯಾಲ ಒಂದ ಚಮಚಾ ತುಪ್ಪ. ಉಂಡ ಕೂಡ್ಲೇ ಗುಳಿಗಿ” ಎಂದೆ. ಅತ್ತೆಗೆ ಇದು ಪಥ್ಯವೆಂದು ನಂಬಲು ಆಗಲೇ ಇಲ್ಲ. “ಇಂಥಾ ಪಥ್ಯ ನನಗೂ ಬರದ ಕೊಡ್ರಿ” ಎಂದರು.

ಥಿಯೇಟರಿನಲ್ಲಿ

ಬಲ ಪಕ್ಕೆಲುಬಿನ ಅಂಚಿಗುಂಟ ಹೊಟ್ಟೆ ತೆರೆದೆವು. ಗಂಟು ಯಕೃತ್ತಿನ ಮೇಲ್ಮೈಗೆ ಬಂದಿತ್ತು. ಕಂದು ಮಾಂಸದ ನಡುವೆ ಬೆಳ್ಳಗೆ ಉಬ್ಬಿದ ಗೋಡೆ. ಸುತ್ತಲಿನ ಪ್ರತಿ ಸಂದಿಗೂ ಹುಳು ಕೊಲ್ಲುವ 20% ಉಪ್ಪು ದ್ರಾವಣದಲ್ಲಿ ಅದ್ದಿದ ಬಟ್ಟೆಗಳನ್ನು ತುಂಬಿ, ಗಂಟಿನ ತಲೆ ಮಾತ್ರ ಕಾಣುವಂತೆ ಬಿಟ್ಟೆವು. ಅರಿವಳಿಕೆ ತಜ್ಞರು ಅಡ್ರಿನಲಿನ್, ಹೈಡ್ರೊಕಾರ್ಟಿಸೋನ್ ಎಳೆದಿಟ್ಟುಕೊಂಡು, ಚುಚ್ಚುವ ಮೊದಲು ಹೇಳಿರಿ ಎಂದಿದ್ದರು. ಆ ಒಂದೆರಡು ನಿಮಿಷ ಥಿಯೇಟರಿನಲ್ಲಿ ಯಾರೂ ಬೇರೆ ಮಾತಾಡುವುದಿಲ್ಲ.

ಮೊದಲು ಹೀರಿದ ನೀರಿನಲ್ಲಿ ತಿಳಿ ಹಳದಿ ಛಾಯೆ ಇತ್ತು. ಅದು ಪಿತ್ತರಸ. ಗಂಟು ಎಲ್ಲೋ ಒಂದು ಪಿತ್ತನಾಳಕ್ಕೆ ಬಾಯಿ ತೆರೆದಿದೆ ಎಂದರ್ಥ. ಹಾಗಿದ್ದಾಗ ಹುಳು ಕೊಲ್ಲುವ ದ್ರಾವಣವನ್ನು ಗಂಟಿನ ಒಳಗೆ ಬಿಡುವಂತಿಲ್ಲ. ಅದು ಪಿತ್ತನಾಳಗಳಿಗೆ ಇಳಿದರೆ ನಾಳಗಳೇ ಸುಟ್ಟು ಕಿರಿದಾಗಿ, ಗಂಟಿಗಿಂತ ಕೆಟ್ಟ ರೋಗವನ್ನು ನಾವೇ ಕೊಟ್ಟಂತಾಗುತ್ತದೆ. ಒಳಗೆ ಏನನ್ನೂ ಬಿಡದೆ ಮುಂದುವರಿದೆವು.

ಗೋಡೆ ಸೀಳಿದರೆ ಮರಿಗಂಟುಗಳು ಒಂದರ ಮೇಲೊಂದು ಉರುಳಿ ಬಂದವು: ಸಾಸಿವೆಯಷ್ಟಿನಿಂದ ನಿಂಬೆಹಣ್ಣಿನ ಗಾತ್ರದವರೆಗೆ, ತಿಳಿ, ಹೊಳೆಯುವ, ಮುಟ್ಟಿದರೆ ಜಾರುವ ಗುಳ್ಳೆಗಳು. ಹೀರುವ ಕೊಳವೆ ಎರಡು ಸಲ ಕಟ್ಟಿಕೊಂಡಿತು. ಒಳಪೊರೆಯ ಚೂರುಗಳು ಬಾಯಿಗೆ ಅಡ್ಡ ಕೂತುಬಿಡುತ್ತವೆ. ಕೊನೆಗೆ ಚಮಚ ಮತ್ತು ಇಕ್ಕಳದಲ್ಲೇ ತೆಗೆದದ್ದು ಹೆಚ್ಚು. ಆಮೇಲೆ ಮುಖ್ಯ ಗಂಟಿನ ಒಳಪೊರೆ ಇಡಿಯಾಗಿ ಸಿಪ್ಪೆ ಬಿಟ್ಟು ಬಂತು: ಬೆಳ್ಳಗೆ, ದಪ್ಪಗೆ, ಎಳನೀರಿನ ಒಳಗಿನ ಗಂಜಿಯ ಹಾಗೆ ಅಲುಗುವ ಹಾಳೆ. ಅದು ಹುಳುವಿನ ಭಾಗ. ಹೊರಗಿನ ಗಟ್ಟಿ ಗೋಡೆ ರೋಗಿಯದೇ ಯಕೃತ್ತು ತನ್ನ ರಕ್ಷಣೆಗೆ ಕಟ್ಟಿಕೊಂಡದ್ದು. ಅದನ್ನು ಪೂರ್ತಿ ಕೀಳಲು ಹೋದರೆ ರಕ್ತ ಹರಿಯುತ್ತದೆ, ಬಿಟ್ಟರೆ ನಷ್ಟವಿಲ್ಲ.

ಬರಿದಾದ ಕುಳಿಯನ್ನು ಬಿಳಿ ಬಟ್ಟೆಯಿಂದ ಒತ್ತಿ ತೆಗೆದಾಗ ಒಂದೇ ಜಾಗದಲ್ಲಿ ಹಳದಿ ಚುಕ್ಕೆ ಮೂಡಿತು. ಪಿತ್ತನಾಳದ ಬಾಯಿ ಅಲ್ಲೇ. ಎರಡು ಹೊಲಿಗೆ ಹಾಕಿ, ಓಮೆಂಟಮ್ ಎಂಬ ಕೊಬ್ಬಿನ ಪದರವನ್ನು ಕುಳಿಯೊಳಗೆ ತುಂಬಿ, ಒಳಗಿನ ದ್ರವ ಹೊರಬರಲು ಡ್ರೇನ್ ಎಂಬ ಕೊಳವೆ ಇಟ್ಟು ಮುಚ್ಚಿದೆವು. ರೋಗಶಾಸ್ತ್ರ ವಿಭಾಗದ ವರದಿ ಬಂದಾಗ ಪದರ ಪದರದ ಒಳಪೊರೆ, ಕೊಕ್ಕೆ ಸಾಲಿರುವ ತಲೆಗಳು ಎರಡೂ ಇದ್ದವು; ಗಂಟು ಇನ್ನೂ ಜೀವಂತವಿತ್ತು.

ಡ್ರೇನಿನಲ್ಲಿ ಮೊದಮೊದಲು ದಿನಕ್ಕೆ ನೂರು ಮಿ.ಲೀ. ಮೇಲೆ ಪಿತ್ತರಸ ಬಂತು. ಕಡಿಮೆಯಾಗದಿದ್ದರೆ ಎಂಡೋಸ್ಕೋಪಿಯಲ್ಲಿ ಪಿತ್ತನಾಳಕ್ಕೆ ಸ್ಟೆಂಟ್ ಹಾಕಬೇಕಾಗುತ್ತಿತ್ತು. ಎರಡನೇ ವಾರದಲ್ಲಿ ತಾನಾಗಿ ನಿಂತಿತು, ಡ್ರೇನ್ ತೆಗೆದು ಮನೆಗೆ ಕಳಿಸಿದೆವು.

ಕಡತದ ಒಂದು ಸಾಲು

ಈಗ ಈ ಪ್ರಕರಣ ಆಸ್ಪತ್ರೆಯ ಕಡತದಲ್ಲಿ ಹೇಗೆ ಕಾಣುತ್ತದೆ ನೋಡಿ: ಸ್ತ್ರೀ, 38, ಮುದ್ದೇಬಿಹಾಳ ತಾಲ್ಲೂಕು, ಮನೆಗೆಲಸ, ಯಕೃತ್ತು, ಬಲಹಾಳೆ. ನಾಳೆ ಯಾರಾದರೂ ಐದು ವರ್ಷದ ಕಡತ ತೆರೆದು ರೋಗಿಗಳ ಊರುಗಳನ್ನು ನಕ್ಷೆಯ ಮೇಲೆ ಚುಕ್ಕೆಯಾಗಿ ಇಟ್ಟರೆ ಈಕೆಯ ಚುಕ್ಕೆ ಬೀಳುವುದು ಮುದ್ದೇಬಿಹಾಳದಲ್ಲಿ. ಸೋಂಕು ಬಂದಿರುವ ಸಂಭವ ಹೆಚ್ಚಿರುವುದು ಇನ್ನೊಂದು ಜಿಲ್ಲೆಯಲ್ಲಿ. ನಮ್ಮಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಊರು ಬಿಡುತ್ತಾರೆ, ಈ ರೋಗ ಹೊರಗೆ ಕಾಣಲು ವರ್ಷಗಳು, ಕೆಲವೊಮ್ಮೆ ದಶಕಗಳು ಬೇಕು. ಎರಡನ್ನೂ ಕೂಡಿಸಿದರೆ ಹೆಂಗಸರ ಚುಕ್ಕೆಗಳಲ್ಲಿ ಎಷ್ಟೋ ತಪ್ಪು ಊರಿನ ಮೇಲೆ ಬೀಳುತ್ತವೆ. ಹೈಡಾಟಿಡ್ ಆಪರೇಷನ್ ಆದವರಲ್ಲಿ ಹೆಂಗಸರೇನೂ ಕಡಿಮೆ ಇಲ್ಲ, ಆದ್ದರಿಂದ ಇದು ಸಣ್ಣ ದೋಷವಲ್ಲ. ಕುರಿ ಕಾಯುವವರದು ಇನ್ನೊಂದು ಕಥೆ: ಮಳೆಗಾಲದಲ್ಲಿ ಒಂದು ಕಡೆ, ಸುಗ್ಗಿ ಮುಗಿದ ಮೇಲೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಹೊಲಗಳಲ್ಲಿ. ಅವರ ವಿಳಾಸದ ಕಾಲಂ ಪಡಿತರ ಚೀಟಿಯ ಊರನ್ನಷ್ಟೇ ಹೇಳುತ್ತದೆ.

‘ಮನೆಗೆಲಸ’ ಎಂಬ ನಮೂದಂತೂ ಏನನ್ನೂ ಹೇಳುವುದಿಲ್ಲ. ಅಂಗಳ ಗುಡಿಸುವುದು, ತಿಪ್ಪೆಗೆ ಕಸ ಹಾಕುವುದು, ನಾಯಿಗೆ ಕೂಳು ಹಾಕುವುದು, ಹೊಲದಲ್ಲಿ ಕಸ ತೆಗೆಯುವುದು, ಕುರಿ ಮರಿಗೆ ಹಾಲು ಕುಡಿಸುವುದು, ಎಲ್ಲವೂ ಅದರೊಳಗೇ. ಹೀಗೆ ಬರೆದ ಕಡತಗಳನ್ನು ಎಣಿಸಿ ‘ಗೃಹಿಣಿಯರಲ್ಲಿ ಹೆಚ್ಚು’ ಎಂದು ತೀರ್ಮಾನ ಬರೆದರೆ ಓದಿದವರಿಗೆ ಅಡುಗೆಮನೆಯಲ್ಲೇ ಏನೋ ಇದೆ ಅನ್ನಿಸಬೇಕು.

ಇನ್ನು ಒಟ್ಟು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಯಾವುದೇ ಹೊತ್ತಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಎಕಿನೊಕಾಕೊಸಿಸ್ (ಎಕಿನೊಕಾಕಸ್ ಜಾತಿಯ ಹುಳುಗಳಿಂದ ಬರುವ ರೋಗ) ಹೊತ್ತು ಬದುಕುತ್ತಿದ್ದಾರೆ, ವರ್ಷಕ್ಕೆ ಸುಮಾರು 19,300 ಜನ ಸಾಯುತ್ತಾರೆ. ಅರ್ಜೆಂಟೀನಾ, ಪೆರು, ಪೂರ್ವ ಆಫ್ರಿಕಾ, ಮಧ್ಯ ಏಷ್ಯಾ, ಚೀನಾದ ಕೆಲವು ಭಾಗಗಳಲ್ಲಿ ನೂರಕ್ಕೆ 5ರಿಂದ 10 ಜನರಲ್ಲಿ ಗಂಟು ಇರಬಹುದು ಎನ್ನುತ್ತದೆ. ಹಳ್ಳಿಹಳ್ಳಿಗೆ ಸ್ಕ್ಯಾನ್ ಯಂತ್ರ ಒಯ್ದು, ಆರೋಗ್ಯವಾಗಿರುವವರನ್ನೂ ಮಲಗಿಸಿ ನೋಡಿದರಷ್ಟೇ ಅಂಥ ಸಂಖ್ಯೆ ಕೈಗೆ ಬರುತ್ತದೆ. ಆಪರೇಷನ್ ಕಡತದಲ್ಲಿ ಅಕ್ಕ ಸಿಗುತ್ತಾರೆ, ತಮ್ಮ ಸಿಗುವುದಿಲ್ಲ. ಅದರಲ್ಲೂ ನಮ್ಮ ರೋಗಿಗಳು ಒಂದೇ ಆಸ್ಪತ್ರೆಗೆ ಹೋಗುವವರಲ್ಲ. ವಿಜಯಪುರದವರು ಸೊಲ್ಲಾಪುರಕ್ಕೆ, ಅಥಣಿ-ಚಿಕ್ಕೋಡಿಯವರು ಮಿರಜಿಗೆ, ಬಾಗಲಕೋಟೆಯವರು ಹುಬ್ಬಳ್ಳಿಗೆ, ಬೆಳಗಾವಿಗೆ ಹೋಗುತ್ತಾರೆ. ರಾಜ್ಯದ ಗಡಿ ದಾಟಿದ ರೋಗಿ ಎರಡೂ ರಾಜ್ಯದ ಲೆಕ್ಕದಿಂದ ಜಾರಬಹುದು, ಮರುಕಳಿಸಿ ಬೇರೆ ಕಡೆ ಮತ್ತೆ ಆಪರೇಷನ್ ಆದವರು ಎರಡು ಸಲ ಎಣಿಕೆಯಾಗಬಹುದು. ಇಷ್ಟಾದ ಮೇಲೂ ಭಾಗಿಸಲು ಕೆಳಗೆ ಇಡಬೇಕಾದ ಜನಸಂಖ್ಯೆ ಯಾವುದೆಂದು ಗೊತ್ತಿರುವುದಿಲ್ಲ.

ಹಾಗೆಂದು ಕಡತ ವ್ಯರ್ಥವಲ್ಲ. ಮೂರು ಪ್ರಶ್ನೆ ಸೇರಿಸಿದರೆ ಅದೇ ಕಡತ ಬೇರೆಯಾಗುತ್ತದೆ: ಹುಟ್ಟಿ ಬೆಳೆದ ಊರು ಯಾವುದು, ಹುಟ್ಟಿದಾಗಿನಿಂದ ಯಾವ ಯಾವ ಮನೆಯಲ್ಲಿ ನಾಯಿ ಇತ್ತು, ಆ ನಾಯಿಗೆ ಹಸಿ ಮಾಂಸ ಎಲ್ಲಿ ಸಿಗುತ್ತಿತ್ತು. ಜೊತೆಗೆ, ಸಾಧ್ಯವಾದಷ್ಟೂ ಒಡಹುಟ್ಟಿದವರಿಗೆ ಒಂದು ಸ್ಕ್ಯಾನ್. ಗಂಡ-ಮಕ್ಕಳಿಗಿಂತ ಒಡಹುಟ್ಟಿದವರ ಯಕೃತ್ತು ಹಳೆಯ ಕಥೆಯನ್ನು ಚೆನ್ನಾಗಿ ಹೇಳುತ್ತದೆ.

ನಾಯಿಯ ಹತ್ತಿರ

ಐಸ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಈ ರೋಗ ಮನೆಮನೆಯ ಮಾತಾಗಿತ್ತು. 1860ರ ದಶಕದಿಂದ ಜನರಿಗೆ ಕಿರುಪುಸ್ತಕ ಹಂಚಿ, ನಾಯಿಗಳನ್ನು ಹಿಡಿತಕ್ಕೆ ತಂದು, ಕಡಿದ ಕುರಿಯ ಒಳಭಾಗ ನಾಯಿಗೆ ಸಿಗದಂತೆ ಮಾಡಿ ಅವರು ಅದನ್ನು ಅಳಿಸಿಹಾಕಿದರು. ನ್ಯೂಜಿಲೆಂಡ್ 2002ರಲ್ಲಿ ಅದೇ ಹಂತ ಮುಟ್ಟಿತು. ಎರಡೂ ದ್ವೀಪಗಳು, ಪ್ರತಿ ನಾಯಿಗೂ ಒಬ್ಬ ಯಜಮಾನ ಇದ್ದ ದೇಶಗಳು. ನಮ್ಮಲ್ಲಿ ಅರ್ಧ ನಾಯಿಗಳು ಓಣಿಯವು, ಯಾರ ಹೆಸರಿಗೂ ಇಲ್ಲದವು. ಹೈಡಾಟಿಡ್‌ಗೆಂದೇ ಒಂದು ರಾಷ್ಟ್ರೀಯ ಕಾರ್ಯಕ್ರಮವೂ ಇಲ್ಲ. ಹೀಗಾಗಿ ಆ ಉದಾಹರಣೆಗಳನ್ನು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುವುದರಿಂದ ಹೆಚ್ಚೇನೂ ಆಗದು.

ನಮ್ಮಲ್ಲಿ ಆಗಬಹುದಾದದ್ದು ಸಣ್ಣದು. ನಾಯಿಗೆ ತೂಕದ ಲೆಕ್ಕದಲ್ಲಿ, ಕೆಜಿಗೆ 5 ಮಿ.ಗ್ರಾಂ. ಪ್ರಾಜಿಕ್ವಾಂಟೆಲ್ ಗುಳಿಗೆಯನ್ನು ವರ್ಷದಲ್ಲಿ ನಾಲ್ಕು ಸಲವಾದರೂ ಹಾಕುವುದು. ಗುಳಿಗೆ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಯನ್ನಲ್ಲ, ಆದ್ದರಿಂದ ಮುಂದಿನ ಎರಡು ಮೂರು ದಿನ ನಾಯಿಯನ್ನು ಕಟ್ಟಿ ಹಾಕಿ ಹೇಲನ್ನು ಸುಡಬೇಕು, ಇಲ್ಲವೇ ಆಳಕ್ಕೆ ಹೂಳಬೇಕು. ಮನೆಮಂದಿ ಜಂತಿಗೆಂದು ತಂದ ಗುಳಿಗೆಯನ್ನೇ ನಾಯಿಗೂ ಒಂದು ಒಗೆದರೆ ಈ ಹುಳು ಹೋದೀತೆಂದು ನಂಬುವಂತಿಲ್ಲ. ಮುಧೋಳ ನಾಯಿಯಾಗಲಿ, ತಿಪ್ಪೆಯ ನಾಯಿಯಾಗಲಿ, ಹುಳುವಿಗೆ ತಳಿಯ ಭೇದವಿಲ್ಲ.

ಕುರಿಗಾರರ ಮುಂದೆ ಇದನ್ನು ಹೇಳುವಾಗ ಅವರ ಲಿವರಿನಿಂದ ಶುರು ಮಾಡಿದರೆ ಕಿವಿ ಕೊಡುವುದಿಲ್ಲ. ಕುರಿಯಿಂದ ಶುರು ಮಾಡಬೇಕು. ತಲೆ ಒಂದು ಕಡೆ ವಾಲಿಸಿ ಗಿರಗಿರ ತಿರುಗಿ ಸಾಯುವ ಕುರಿಯನ್ನು ಪ್ರತಿಯೊಬ್ಬ ಕುರಿಗಾರನೂ ಕಂಡಿದ್ದಾನೆ. ಆ ಕುರಿಯ ಮಿದುಳಿನಲ್ಲಿ ಇರುವುದೂ ನೀರಗುಳ್ಳೆಯೇ, ಬೇರೆ ಜಾತಿಯದು; ಬಂದದ್ದು ಮಾತ್ರ ನಾಯಿಯ ಹೊಟ್ಟೆಯ ಇನ್ನೊಂದು ಲಾಡಿಹುಳುವಿನಿಂದ. ಅದೇ ಪ್ರಾಜಿಕ್ವಾಂಟೆಲ್ ಎರಡಕ್ಕೂ ನಡೆಯುತ್ತದೆ. ತಿರುಗುವ ರೋಗ ಕಡಿಮೆಯಾದರೆ ಉಳಿಯುವುದು ಕುರಿ, ಅಂದರೆ ದುಡ್ಡು. ನಾಯಿಗೆ ಗುಳಿಗೆ ಹಾಕಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಇನ್ನೊಂದು ಮಾತು ಮುದಿ ಕುರಿಗಳದ್ದು. ಸಂತೆಯಲ್ಲಿ ಕಡಿಯುವ ಎಳೆ ಟಗರಿನಲ್ಲಿ ಗಂಟು ಇದ್ದರೂ ಸಣ್ಣದು. ಹಟ್ಟಿಯಲ್ಲಿ ವಯಸ್ಸಾಗಿ ಸತ್ತ ಕುರಿಯ ಗಂಟುಗಳು ದೊಡ್ಡವು, ತಲೆಗಳಿಂದ ತುಂಬಿದವು, ಮತ್ತು ಆ ಕುರಿ ಸಾಯುವುದು ನಾಯಿಗಳ ಕಣ್ಣೆದುರಿಗೇ. ಹೂಳುವುದಾದರೆ ಮೊದಲು ಅದನ್ನು ಹೂಳಬೇಕು. ಹೂಳಲು ಆಗದ ಕಡೆ ಕಲೀಜ-ಪುಪ್ಪುಸವನ್ನು ಅರ್ಧ ತಾಸು ಕುದಿಸಿ ನಾಯಿಗೆ ಹಾಕಿದರೂ ಸರಿ.

ನಮ್ಮ ರೋಗಿ ಮೂರು ತಿಂಗಳು ಗುಳಿಗೆ ಮುಗಿಸಿದರು. ಒಂದು ವರ್ಷದ ಸ್ಕ್ಯಾನಿನಲ್ಲಿ ಕುಳಿ ಕುಗ್ಗಿದೆ, ಹೊಸ ಗಂಟು ಇಲ್ಲ. ಆಪರೇಷನ್ ಆದವರಲ್ಲಿ ನೂರಕ್ಕೆ ಆರೇಳು ಜನರಿಗೆ ಮರುಕಳಿಸುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಹಾಗಾಗಿ ಐದು ವರ್ಷದವರೆಗೆ ಬರುತ್ತಿರಬೇಕೆಂದು ಹೇಳಿದ್ದೇವೆ. ತಮ್ಮನಿಗೆ ಚಿಕಿತ್ಸೆ ಇಲ್ಲ, ವರ್ಷಕ್ಕೊಂದು ಸ್ಕ್ಯಾನ್ ಸಾಕು. ತವರಿನ ಈಗಿನ ನಾಯಿಗೆ ಅವರೇ ಪಶು ಆಸ್ಪತ್ರೆಯಲ್ಲಿ ಕೇಳಿ ಪ್ರಾಜಿಕ್ವಾಂಟೆಲ್ ಹಾಕಿಸಿದ್ದಾರೆ. ಸಂತೆಯ ದಿನ ಅದನ್ನು ಕಟ್ಟಿ ಹಾಕುತ್ತೀರಾ ಎಂದು ಕೇಳಿದೆ. “ಕಟ್ಟತೇವ್ರಿ. ಆದ್ರ ಓಣ್ಯಾಗ ಇನ್ನ ಹತ್ತ ಅದಾವಲ್ರಿ, ಅವನ್ನ ಯಾರ ಕಟ್ಟಬೇಕು?” ಎಂದರು. ಆ ಪ್ರಶ್ನೆಯನ್ನು ಅವರ ಗ್ರಾಮ ಪಂಚಾಯಿತಿಗೆ ಒಂದು ಪತ್ರವಾಗಿ ಬರೆದುಕೊಟ್ಟಿದ್ದೇನೆ. ಖಟಗರ ಅಂಗಡಿಯ ಹಿಂದೆ ಮುಚ್ಚಳವಿರುವ ಒಂದು ಗುಂಡಿ ತೋಡಿಸಿರಿ ಎಂಬ ಬೇಡಿಕೆಯನ್ನೂ ಅದರಲ್ಲಿ ಸೇರಿಸಿದ್ದೇನೆ.